ವಯಸ್ಕರ ಗಿಟಾರ್ ಕಲಿಕೆ: ವಿಡಿಯೊ ಪಾಠ ಅರ್ಥವಾಗುತ್ತದೆ, ಕೈ ಮಾತ್ರ ಮಾತು ಕೇಳುವುದಿಲ್ಲ

ಪ್ರಶ್ನೆ: ಹೊಸಬೆರಳು

ಎಲ್ಲರಿಗೂ ನಮಸ್ಕಾರ. ನಲವತ್ತು ಸಮೀಪಿಸುತ್ತಿರುವ ನಾನು ಕೆಲವು ತಿಂಗಳುಗಳಿಂದ ಆನ್‌ಲೈನ್ ಪಾಠಗಳನ್ನೇ ನಂಬಿಕೊಂಡು ಅಕೂಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ಇದಕ್ಕೂ ಮೊದಲು ಯಾವ ವಾದ್ಯವನ್ನೂ ನುಡಿಸಿದವನಲ್ಲ. ನನ್ನದು ಉಕ್ಕಿನ ತಂತಿಗಳ ವಾದ್ಯ. ಬಲಗೈಯಲ್ಲಿ ತಂತಿ ಮೀಟುವ ಪಿಕ್ ಹಿಡಿದು ನುಡಿಸುತ್ತೇನೆ. ಇ ಮೈನರ್, ಎ ಮೈನರ್, ಸಿ, ಡಿ, ಜಿ ಈ ಐದು ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ) ಯಾವ ಬೆರಳು ಎಲ್ಲಿರಬೇಕೆಂಬುದು ಬಾಯಿಪಾಠವಾಗಿದೆ, ಸಮಯ ಕೊಟ್ಟರೆ ಒಂದೊಂದನ್ನೂ ಸರಿಯಾಗಿಯೇ ಹಿಡಿಯುತ್ತೇನೆ. ಆದರೆ ಹಾಡಿನ ನಡುವೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಬಲಗೈ ನಿಂತುಬಿಡುತ್ತದೆ, ಎಡಗೈ ಬೆರಳುಗಳು ಒಂದೊಂದಾಗಿ ಜಾಗ ಹುಡುಕಿಕೊಳ್ಳುತ್ತವೆ, ಅಷ್ಟರಲ್ಲಿ ವಿಡಿಯೊದಲ್ಲಿರುವವರು ಮುಂದಿನ ಸಾಲಿಗೆ ಹೋಗಿರುತ್ತಾರೆ. ಎಫ್ ಕಾರ್ಡ್ ಅಂತೂ ನನ್ನ ಪಾಲಿಗೆ ಇನ್ನೂ ಶಬ್ದವಾಗಿದೆಯೇ ಹೊರತು ಸ್ವರವಾಗಿಲ್ಲ.

ಇನ್ನೊಂದು ತೊಡಕೆಂದರೆ ಬೋಧಕರ ಭಿನ್ನಾಭಿಪ್ರಾಯ. ಎಡಗೈ ಹೆಬ್ಬೆರಳು ನೆಕ್‌ನ (ವಾದ್ಯದ ಕತ್ತಿನ) ಹಿಂಬದಿಯ ನಡುವಿನಲ್ಲೇ ಇರಬೇಕೆಂದು ಒಬ್ಬರು ಖಡಾಖಂಡಿತವಾಗಿ ಹೇಳಿದರೆ, ಮತ್ತೊಬ್ಬರು ಅದನ್ನು ಮೇಲಿನಿಂದ ಹಾಯಿಸಿಕೊಂಡು ನಿರಾಳವಾಗಿ ನುಡಿಸುತ್ತಾರೆ. ಮೊದಲು ಸಂಗೀತಶಾಸ್ತ್ರ ಎನ್ನುವವರಿದ್ದಾರೆ, ಮೊದಲು ಹಾಡು ಎನ್ನುವವರೂ ಇದ್ದಾರೆ. ಎದುರಿಗೆ ಕುಳಿತು ತಿದ್ದುವವರು ಇಲ್ಲದಿರುವಾಗ ನಾನು ತಪ್ಪುತ್ತಿರುವುದು ಎಲ್ಲಿ ಎಂಬುದನ್ನು ಕಂಡುಕೊಳ್ಳುವ ಬಗೆ ಹೇಗೆ? ಸ್ವರಲಿಪಿ ಮತ್ತು ಶಾಸ್ತ್ರವನ್ನು ಎಷ್ಟರಮಟ್ಟಿಗೆ ಕಲಿಯಬೇಕು? ಅನುಭವಿಗಳು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಆರುತಂತಿ

ಅಭ್ಯಾಸದ ವಿಷಯವನ್ನು ಉಳಿದವರು ಹೇಳಿಯೇ ಹೇಳುತ್ತಾರೆ. ಅದಕ್ಕೂ ಮೊದಲು ನಿಮ್ಮ ವಾದ್ಯವನ್ನು ಒಮ್ಮೆ ಅನುಮಾನದಿಂದ ನೋಡಿರೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಆನ್‌ಲೈನ್ ಪಾಠ ಹೇಳುವವರೆಲ್ಲ ಚೆನ್ನಾಗಿ ಸೆಟಪ್ ಮಾಡಿಸಿದ ಗಿಟಾರ್‌ಗಳನ್ನು ನುಡಿಸುತ್ತಿರುತ್ತಾರೆ, ಮನೆಯಲ್ಲಿ ಕುಳಿತು ಕಲಿಯುವವರು ಮಾತ್ರ ತಂತಿ ಎತ್ತರದಲ್ಲಿರುವ ವಾದ್ಯದೊಡನೆ ಗುದ್ದಾಡಿ ದೋಷವನ್ನು ತಮ್ಮ ವಯಸ್ಸಿನ ಮೇಲೆ ಹೊರಿಸಿಕೊಳ್ಳುತ್ತಾರೆ.

ಎರಡು ಪರೀಕ್ಷೆಗಳನ್ನು ನೀವೇ ಮಾಡಬಹುದು. ಮೊದಲನೆಯದು ಅಳತೆ. ಹನ್ನೆರಡನೇ ಫ್ರೆಟ್‌ನ (ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿಯ) ಮೇಲ್ಮೈಯಿಂದ ಅತಿ ದಪ್ಪದ ತಂತಿಯ ತಳದವರೆಗಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್, ಅತಿ ತೆಳುವಾದ ತಂತಿಗೆ ಸುಮಾರು ಎರಡು ಮಿಲಿಮೀಟರ್ ಇದ್ದರೆ ಆರಂಭಿಕರಿಗೆ ಅನುಕೂಲ. ಮೂರೂವರೆಯನ್ನು ಮುಟ್ಟಿದ್ದರೆ ಅನುಭವಿಗಳಿಗೂ ಕೈ ಸೋಲುತ್ತದೆ. ಎರಡನೆಯದು ಕ್ಯಾಪೊ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಕ್ಲಿಪ್) ಪರೀಕ್ಷೆ. ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿ ನಿಮ್ಮ ಐದು ಕಾರ್ಡ್‌ಗಳನ್ನು ಹಿಡಿದು ನೋಡಿ. ಅವು ಇದ್ದಕ್ಕಿದ್ದಂತೆ ಹಗುರವಾದರೆ, ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್ ಎಂಬ ಪಟ್ಟಿಯ ಕೊರಕಲುಗಳು ಸಾಕಷ್ಟು ಆಳವಾಗಿಲ್ಲ ಎಂದರ್ಥ. ಎಫ್ ಕಾರ್ಡ್ ಕುಖ್ಯಾತವಾಗಿರುವುದಕ್ಕೂ ಇದೇ ನಟ್ ಒಂದು ಕಾರಣ. ತಂತಿಯನ್ನು ಅದರ ಆಧಾರದ ಹತ್ತಿರ ಒತ್ತುವುದು ಯಾವಾಗಲೂ ಹೆಚ್ಚು ಬಲ ಬೇಡುತ್ತದೆ, ಎಫ್‌ನಲ್ಲಿ ತೋರುಬೆರಳು ಆರೂ ತಂತಿಗಳನ್ನು ಆಧಾರದ ಪಕ್ಕದಲ್ಲೇ ಒತ್ತಬೇಕು. ಅದೇ ಹಿಡಿತವನ್ನು ಐದನೇ ಫ್ರೆಟ್‌ಗೆ ಒಯ್ದರೆ ಎ ಮೇಜರ್ ಆಗುತ್ತದೆ. ಅಲ್ಲಿ ಎಲ್ಲ ತಂತಿಗಳೂ ಸ್ಪಷ್ಟವಾಗಿ ನುಡಿದು ಮೊದಲ ಫ್ರೆಟ್‌ನಲ್ಲಿ ಮಾತ್ರ ಮಂಕಾಗಿ ಕೇಳಿಸಿದರೆ ನಿಮ್ಮ ಕೈಯಲ್ಲಿ ದೋಷವಿಲ್ಲ. ನಟ್ ಮತ್ತು ಸ್ಯಾಡಲ್‌ಗಳನ್ನು (ಸ್ಯಾಡಲ್ ಎಂದರೆ ಇನ್ನೊಂದು ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸರಿಪಡಿಸುವ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿ. ಒಮ್ಮೆ ಹೆಚ್ಚು ಉಜ್ಜಿಬಿಟ್ಟರೆ ತಂತಿ ಫ್ರೆಟ್‌ಗೆ ತಾಗಿ ಜುಂಯ್‌ಗುಟ್ಟುತ್ತದೆ.

ರಿಪೇರಿಯಾಗುವವರೆಗೆ ಒಂದು ಉಪಾಯವಿದೆ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ, ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿಕೊಳ್ಳಿ. ತಂತಿಯ ಬಿಗುವು ಕಂಪನಾಂಕದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅರ್ಧ ಸ್ವರ ಇಳಿಸಿದಾಗ ಅದು ಸುಮಾರು ಶೇಕಡ 11ರಷ್ಟು ತಗ್ಗುತ್ತದೆ, ಕ್ಯಾಪೊದಿಂದಾಗಿ ನಟ್‌ನ ಎತ್ತರ ಲೆಕ್ಕಕ್ಕೆ ಬರುವುದಿಲ್ಲ, ವಿಡಿಯೊ ಪಾಠದ ಶ್ರುತಿಗೂ ಹೊಂದಿಕೆಯಾಗುತ್ತದೆ. ತಂತಿ ಬದಲಿಸುವಾಗ 12-53 ಅಳತೆಯ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ಗಾತ್ರ, ಇಂಚಿನ ಸಾವಿರದ ಭಾಗಗಳಲ್ಲಿ) ಬದಲು 11-52 ಅಥವಾ 10-47 ತೆಗೆದುಕೊಳ್ಳಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಇನ್ನೂ ಮೃದುವಾದರೂ ಅದರ ನೆಕ್ ನಟ್‌ನ ಬಳಿ ಸುಮಾರು 52 ಮಿಲಿಮೀಟರ್ ಅಗಲವಿರುತ್ತದೆ. ನಿಮ್ಮ ವಾದ್ಯದ್ದು ಬಹುಶಃ 43ರ ಆಸುಪಾಸಿನಲ್ಲಿದ್ದೀತು. ಕೈ ಚಿಕ್ಕದಿರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಉತ್ತರ: ಲಯಲೆಕ್ಕ

ಆರುತಂತಿಯವರ ಮಾತು ಸರಿ. ವಾದ್ಯ ಸರಿಯಿದೆ ಎಂದಿಟ್ಟುಕೊಂಡು ನಾನು ಮುಂದುವರಿಸುತ್ತೇನೆ.

ವಿಡಿಯೊ ಪಾಠದ ನಿಜವಾದ ಕೊರತೆ ಅದು ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ ಎಂಬುದು. ಎದುರಿಗಿರುವ ಗುರು ಮಾಡುವ ಕೆಲಸದಲ್ಲಿ ಹೇಳಿಕೊಡುವುದು ಅರ್ಧ ಭಾಗ, ಕೇಳಿ ತಡೆಯುವುದು ಇನ್ನರ್ಧ. ಆನ್‌ಲೈನ್ ಪಾಠ ಮೊದಲರ್ಧವನ್ನು ಅದ್ಭುತವಾಗಿ ಪೂರೈಸುತ್ತದೆ, ಎರಡನೆಯ ಅರ್ಧವನ್ನು ನಿಮಗೇ ಬಿಡುತ್ತದೆ. ಆ ಅರ್ಧವನ್ನು ಯಾರೂ ವಹಿಸಿಕೊಳ್ಳದೆ ಹೋದರೆ ನೀವು ವರ್ಣಿಸಿದ ಸ್ಥಿತಿಯೇ ಉಂಟಾಗುತ್ತದೆ. ಆದ್ದರಿಂದ ಇನ್ನಷ್ಟು ಪಾಠಗಳನ್ನು ಹುಡುಕುವುದಕ್ಕಿಂತ ಕೇಳಿ ತಡೆಯುವ ವ್ಯವಸ್ಥೆಯೊಂದನ್ನು ಕಟ್ಟಿಕೊಳ್ಳುವುದು ಮುಖ್ಯ.

ಫೋನಿನಲ್ಲಿ ನಿಮ್ಮ ನುಡಿಸುವಿಕೆಯನ್ನು ಧ್ವನಿಮುದ್ರಣ ಮಾಡಿಕೊಳ್ಳಿ, ಆದರೆ ತಕ್ಷಣ ಕೇಳಬೇಡಿ. ನುಡಿಸಿದ ಕೂಡಲೇ ಕೇಳಿದರೆ ಕಿವಿಗೆ ಬೀಳುವುದು ನೀವು ನುಡಿಸಬೇಕೆಂದುಕೊಂಡಿದ್ದೇ ಹೊರತು ನುಡಿಸಿದ್ದಲ್ಲ. ಮರುದಿನ ಕೇಳಿದಾಗ ಎಲ್ಲಿ ಓಡಿದ್ದೀರಿ, ಎಲ್ಲಿ ಕಾದಿದ್ದೀರಿ, ಯಾವ ತಂತಿ ಸತ್ತಿದೆ ಎಂಬುದು ಪರರ ವಾದನದಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ವಿಡಿಯೊ ಚಿತ್ರೀಕರಣ ಎಡಗೈಯ ಭಂಗಿ ನೋಡುವುದಕ್ಕೆ ಬೇಕು, ಆದರೆ ಅದನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು. ದಿನವೂ ತನ್ನನ್ನು ತಾನೇ ಪರದೆಯ ಮೇಲೆ ನೋಡಿಕೊಳ್ಳುವವನಿಗೆ ಸಂಗೀತಕ್ಕಿಂತ ಮುಖಭಾವದ ಚಿಂತೆ ಹೆಚ್ಚಾಗುತ್ತದೆ!

ಇನ್ನು ಕಾರ್ಡ್ ಬದಲಾವಣೆ. ಎರಡೇ ಕಾರ್ಡ್‌ಗಳನ್ನು ಆರಿಸಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಬಾರಿ ಬದಲಿಸಬಲ್ಲಿರೆಂದು ಎಣಿಸುವ ಅಭ್ಯಾಸವನ್ನು ಜಸ್ಟಿನ್‌ಗಿಟಾರ್ ಎಂಬ ಜಾಲತಾಣದ ಉಚಿತ ಪಾಠಕ್ರಮ ಬಹಳ ಜನರಿಗೆ ಪರಿಚಯಿಸಿದೆ, ಮತ್ತು ಅದು ನಿಜಕ್ಕೂ ಫಲ ಕೊಡುತ್ತದೆ. ಅದರ ಹಿಂದಿನ ಲೆಕ್ಕ ಸರಳ. ನಿಮಿಷಕ್ಕೆ 80 ಬಡಿತದ ಹಾಡಿನಲ್ಲಿ ನಾಲ್ಕು ಬಡಿತಕ್ಕೊಮ್ಮೆ ಕಾರ್ಡ್ ಬದಲಾದರೆ ನಿಮಿಷಕ್ಕೆ 20 ಬದಲಾವಣೆಗಳಾಗುತ್ತವೆ. ಬರಿಯ ಬದಲಾವಣೆಯ ಅಭ್ಯಾಸದಲ್ಲಿ ನೀವು 30 ದಾಟಿದ್ದರೆ ಹಾಡಿನಲ್ಲಿ ಬಲಗೈಯ ಕಡೆಗೂ ಗಮನ ಕೊಡಲು ಬಿಡುವು ಸಿಗುತ್ತದೆ, 20ರಲ್ಲೇ ಇದ್ದರೆ ಸಿಗುವುದಿಲ್ಲ.

ಎಣಿಸುವುದರ ಜೊತೆಗೆ ಬೆರಳುಗಳ ಓಡಾಟವನ್ನೂ ಗಮನಿಸಬೇಕು. ಎ ಮೈನರ್‌ನಿಂದ ಸಿಗೆ ಹೋಗುವಾಗ ತೋರುಬೆರಳು, ನಡುಬೆರಳು ಎರಡೂ ಇದ್ದಲ್ಲೇ ಇರುತ್ತವೆ. ಉಂಗುರಬೆರಳೊಂದೇ ಮೂರನೇ ತಂತಿಯಿಂದ ಐದನೇ ತಂತಿಗೆ ಹೋಗುತ್ತದೆ (ಅತಿ ತೆಳುವಾದದ್ದು ಒಂದನೇ ತಂತಿ, ಅತಿ ದಪ್ಪದ್ದು ಆರನೆಯದು). ಇ ಮೇಜರ್‌ನಿಂದ ಎ ಮೈನರ್‌ಗೆ ಹೋಗುವಾಗ ಇಡೀ ಹಿಡಿತ ಒಂದು ತಂತಿಯಷ್ಟು ಕೆಳಗೆ ಸರಿಯುತ್ತದೆ, ಅಷ್ಟೆ. ಆರಂಭಿಕರು ಹೆಚ್ಚಿನವರು ಪ್ರತಿ ಬದಲಾವಣೆಗೂ ನಾಲ್ಕು ಬೆರಳುಗಳನ್ನೂ ಗಾಳಿಗೆ ಹಾರಿಸಿ ಮೊದಲಿನಿಂದ ಇಳಿಸುತ್ತಾರೆ. ಇಳಿಸುವಾಗಲೂ ತೋರುಬೆರಳನ್ನು ಮೊದಲಿಟ್ಟು ದಪ್ಪ ತಂತಿಯ ಮೇಲಿನ ಬೆರಳನ್ನು ಕೊನೆಗೆ ಇಡುತ್ತಾರೆ. ಆದರೆ ಪಿಕ್ ಮೇಲಿನಿಂದ ಬರುವಾಗ ಮೊದಲು ತಾಗುವುದು ದಪ್ಪ ತಂತಿಗೇ. ಆದ್ದರಿಂದ ಸಿ ಹಿಡಿಯುವಾಗ ಐದನೇ ತಂತಿಯ ಉಂಗುರಬೆರಳನ್ನೇ ಮೊದಲು ಇಳಿಸುವ ರೂಢಿ ಮಾಡಿಕೊಂಡರೆ, ಉಳಿದ ಬೆರಳುಗಳು ಕೂದಲೆಳೆಯಷ್ಟು ತಡವಾದರೂ ಕೇಳುವವರಿಗೆ ತಿಳಿಯುವುದಿಲ್ಲ.

ಬಲಗೈಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಎಡಗೈ ತಡವಾದರೆ ತಡವಾಗಲಿ, ತಪ್ಪು ಸ್ವರ ಬಂದರೆ ಬರಲಿ. ನುರಿತವರು ಸಹ ತಾಳದ ಕೊನೆಯ ಅರ್ಧ ಬಡಿತದಲ್ಲಿ ಬೆರಳೆತ್ತಿಬಿಡುತ್ತಾರೆ, ಆ ಕ್ಷಣಕ್ಕೆ ಖಾಲಿ ತಂತಿಗಳು ನುಡಿಯುತ್ತವೆ. ನಿಮ್ಮ ಮೆಚ್ಚಿನ ಧ್ವನಿಮುದ್ರಣವನ್ನು ಕಿವಿಗೊಟ್ಟು ಕೇಳಿದರೆ ಇದು ಗೊತ್ತಾಗುತ್ತದೆ. ಕೇಳುಗ ತಪ್ಪು ಸ್ವರವನ್ನು ಕ್ಷಮಿಸುತ್ತಾನೆ, ತಾಳ ತಪ್ಪಿದರೆ ಎದ್ದು ಹೋಗುತ್ತಾನೆ.

ಪಾಠದ ವೇಗವನ್ನು ತಗ್ಗಿಸಿಕೊಳ್ಳಲು ಸಂಕೋಚ ಬೇಡ. ಹಿಂದಿನವರು ನಿಮಿಷಕ್ಕೆ 33⅓ ಸುತ್ತಿನ ಗ್ರಾಮಫೋನ್ ತಟ್ಟೆಯನ್ನು ಅರ್ಧ ವೇಗದಲ್ಲಿ ತಿರುಗಿಸಿ ಕಲಿಯುತ್ತಿದ್ದರು, ಆಗ ಶ್ರುತಿಯೂ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಈಗ ಯೂಟ್ಯೂಬ್‌ನಲ್ಲಿ ಮುಕ್ಕಾಲು ಅಥವಾ ಅರ್ಧ ವೇಗಕ್ಕೆ ಇಳಿಸಿದರೂ ಶ್ರುತಿ ಬದಲಾಗುವುದಿಲ್ಲ. ಕಂಪ್ಯೂಟರಿನಲ್ಲಿ ನೋಡುವವರಾದರೆ ವಿಡಿಯೊ ನಿಲ್ಲಿಸಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳನ್ನು ಒತ್ತಿ ಒಂದೊಂದೇ ಚೌಕಟ್ಟಿನಂತೆ ಹಿಂದೆ ಮುಂದೆ ಸರಿಯಬಹುದು. ಬೋಧಕರ ಯಾವ ಬೆರಳು ಮೊದಲು ಇಳಿಯಿತೆಂಬುದು ಅವರ ಮಾತಿನಲ್ಲಿ ಬಾರದಿದ್ದರೂ ಅಲ್ಲಿ ಕಾಣುತ್ತದೆ.

ಕೊನೆಯದಾಗಿ, ದಿನಕ್ಕೆ ಇಪ್ಪತ್ತು ನಿಮಿಷದ ಅಭ್ಯಾಸ ರಜಾದಿನದ ಎರಡು ಗಂಟೆಗಿಂತ ಮೇಲು. ಹರಡಿ ಕಲಿತದ್ದು ಹೆಚ್ಚು ಉಳಿಯುತ್ತದೆಂಬುದನ್ನು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ 1885ರಲ್ಲೇ ಬರೆದಿದ್ದ. ಅಷ್ಟೇ ಅಲ್ಲ, ಆ ಇಪ್ಪತ್ತು ನಿಮಿಷವನ್ನೂ ಒಂದೇ ಜೋಡಿ ಕಾರ್ಡ್‌ಗೆ ಸುರಿಯಬೇಡಿ. ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಕೈ ಚಲನೆಯ ಮೂರು ಕ್ರಮಗಳನ್ನು ಕಲಿಸಿ ನೋಡಿದಾಗ, ಮೂರನ್ನೂ ಬೆರೆಸಿ ಅಭ್ಯಾಸ ಮಾಡಿದವರು ಅಭ್ಯಾಸದ ವೇಳೆಯಲ್ಲಿ ಹಿಂದಿದ್ದರೂ ಹತ್ತು ದಿನಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಬೆರೆಸಿ ಅಭ್ಯಾಸ ಮಾಡುವಾಗ ಕಲಿಕೆ ಕುಂಟುತ್ತಿರುವಂತೆ ತೋರುವುದರಿಂದ ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ಉತ್ತರ: ಮಂದ್ರ

ಬೋಧಕರ ಭಿನ್ನಾಭಿಪ್ರಾಯದ ಬಗ್ಗೆ ಮತ್ತು ಶಾಸ್ತ್ರದ ಬಗ್ಗೆ ನಾಲ್ಕು ಮಾತು. ಹೆಬ್ಬೆರಳನ್ನು ಹಿಂಬದಿಯ ನಡುವಿನಲ್ಲಿಡುವ ಪದ್ಧತಿ ಕ್ಲಾಸಿಕಲ್ ಗಿಟಾರ್‌ನದು. ಅಲ್ಲಿ ನೆಕ್ ಅಗಲ, ಎಡಪಾದದ ಕೆಳಗೆ ಪೀಠವಿಟ್ಟು ವಾದ್ಯವನ್ನು ಓರೆಯಾಗಿ ಎತ್ತಿ ಹಿಡಿಯುತ್ತಾರೆ, ಬೆರಳುಗಳು ದೂರ ಚಾಚಬೇಕು. ಹೆಬ್ಬೆರಳನ್ನು ಮೇಲಿನಿಂದ ಹಾಯಿಸುವವರು ಕಿರಿದಾದ ನೆಕ್‌ನ ವಾದ್ಯದಲ್ಲಿ ಆರನೇ ತಂತಿಯನ್ನು ಅದರಿಂದಲೇ ಮುಟ್ಟಿ ಮೌನವಾಗಿಸುತ್ತಾರೆ, ತಂತಿಯನ್ನು ಎಳೆದು ಬಾಗಿಸುವಾಗ ಅದನ್ನು ಆಸರೆಯಾಗಿ ಬಳಸುತ್ತಾರೆ. ಇಬ್ಬರೂ ತಂತಮ್ಮ ಕೆಲಸಕ್ಕೆ ತಕ್ಕುದನ್ನೇ ಹೇಳುತ್ತಿದ್ದಾರೆ, ಆದರೆ ಯಾವ ಕೆಲಸಕ್ಕೆ ಎಂಬುದನ್ನು ಹತ್ತು ನಿಮಿಷದ ವಿಡಿಯೊದಲ್ಲಿ ವಿವರಿಸುವ ತಾಳ್ಮೆ ಇಬ್ಬರಿಗೂ ಇರುವುದಿಲ್ಲ. ಡಿ ಹಿಡಿಯುವಾಗ ಹೆಬ್ಬೆರಳು ಮೇಲೆ ಬಂದರೆ ಬರಲಿ, ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತುವ ಬ್ಯಾರೆ ಕಾರ್ಡ್‌ಗೆ ತಾನಾಗಿಯೇ ಕೆಳಗಿಳಿಯುತ್ತದೆ.

ಆದ್ದರಿಂದ ಹಂತಹಂತವಾಗಿ ಜೋಡಿಸಿದ ಪಾಠಕ್ರಮವೊಂದನ್ನು ಆರಿಸಿಕೊಂಡು ಅದರ ಮೊದಲ ಹಂತ ಮುಗಿಯುವವರೆಗೆ ಬೇರೆಯವರ ಪಾಠ ನೋಡುವುದನ್ನು ನಿಲ್ಲಿಸಿ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಸಾಧಾರಣವಾದ ಪಾಠಕ್ರಮವೊಂದನ್ನು ಪೂರ್ತಿ ಮಾಡಿದವರು ಉತ್ತಮವಾದ ಐದನ್ನು ಅರ್ಧಕ್ಕೆ ಬಿಟ್ಟವರಿಗಿಂತ ಚೆನ್ನಾಗಿ ನುಡಿಸುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಾಸ್ತ್ರದಲ್ಲಿ ನಿಮಗೆ ಈಗ ಬೇಕಾದದ್ದು ಬಹಳ ಕಡಿಮೆ. ಆರು ತಂತಿಗಳ ಹೆಸರು, ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿವೆ ಮತ್ತು ಒಂದೊಂದು ಫ್ರೆಟ್ ಒಂದೊಂದು ಸ್ಥಾನ ಎಂಬ ತಿಳಿವಳಿಕೆ, ಒಂದು ಶ್ರುತಿಯ ಒಂದನೇ, ನಾಲ್ಕನೇ, ಐದನೇ ಕಾರ್ಡ್‌ಗಳು ಯಾವುವೆಂಬ ಲೆಕ್ಕ, ಇಷ್ಟಿದ್ದರೆ ಮೊದಲ ವರ್ಷ ಸಾಗುತ್ತದೆ. ಪಾಶ್ಚಾತ್ಯ ಸ್ವರಲಿಪಿಯನ್ನು ಕ್ಲಾಸಿಕಲ್ ಕಡೆಗೆ ಹೋಗುವುದಾದರೆ ಕಲಿಯಿರಿ, ಇಲ್ಲದಿದ್ದರೆ ಯಾವ ತಂತಿಯ ಯಾವ ಫ್ರೆಟ್ ಎಂದು ಅಂಕಿಗಳಲ್ಲಿ ತೋರಿಸುವ ಟ್ಯಾಬ್ ಸಾಕು. ಟ್ಯಾಬ್‌ನ ಆರು ಗೆರೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ತೆಳುವಾದ ತಂತಿಯೆಂಬುದನ್ನು ಮಾತ್ರ ನೆನಪಿಡಬೇಕು. ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ಟ್ಯಾಬ್‌ಗಳು ಬೆರಳು ಎಲ್ಲಿರಬೇಕೆಂದು ಹೇಳುತ್ತವೆಯೇ ಹೊರತು ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುವುದಿಲ್ಲ. ಆ ಕೊರತೆಯನ್ನು ಹಾಡು ಕೇಳಿಯೇ ತುಂಬಿಕೊಳ್ಳಬೇಕು.

ಶ್ರುತಿಯ ಬಗ್ಗೆ ಯಾರೂ ಹೇಳದ ಒಂದು ಸಂಗತಿಯಿದೆ. ಟ್ಯೂನರ್ ಆ್ಯಪ್ ಬಳಸುವುದರಲ್ಲಿ ತಪ್ಪಿಲ್ಲ, ಆದರೂ ಆರನೇ ತಂತಿಯ ಐದನೇ ಫ್ರೆಟ್‌ಗೆ ಐದನೇ ತಂತಿಯನ್ನು ಹೋಲಿಸಿ ಹೀಗೆ ಕಿವಿಯಿಂದ ಶ್ರುತಿ ಸೇರಿಸುವುದನ್ನೂ ಕಲಿಯಿರಿ. ಎರಡನೇ ತಂತಿಗೆ ಮಾತ್ರ ಮೂರನೆಯದರ ನಾಲ್ಕನೇ ಫ್ರೆಟ್ ನೋಡಬೇಕು, ಏಕೆಂದರೆ ಆ ಎರಡು ತಂತಿಗಳ ನಡುವಿನ ಅಂತರ ಉಳಿದವುಗಳಿಗಿಂತ ಒಂದು ಸ್ಥಾನ ಕಡಿಮೆ. ಕಿವಿ ಸ್ವಲ್ಪ ಸೂಕ್ಷ್ಮವಾದ ಮೇಲೆ ಜಿ ಕಾರ್ಡ್ ಇಂಪಾಗಿ ಕೇಳುವವರೆಗೆ ಎರಡನೇ ತಂತಿಯನ್ನು ತಿರುವಿ, ಆಮೇಲೆ ಇ ಮೇಜರ್ ಹಿಡಿದು ನೋಡಿ, ಈಗ ಅದು ಅಪಸ್ವರವಾಗಿರುತ್ತದೆ. ಫ್ರೆಟ್‌ಗಳು ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡಿರುವುದರಿಂದ ಗಿಟಾರ್‌ನ ಮೇಜರ್ ಥರ್ಡ್ (ನಾಲ್ಕು ಸ್ವರಸ್ಥಾನಗಳ ಅಂತರ) ಶುದ್ಧ ಸ್ವರಾಂತರಕ್ಕಿಂತ ಸುಮಾರು 14 ಸೆಂಟ್ ಹಿರಿದು, ಅಂದರೆ ಅರ್ಧ ಸ್ವರದ ಏಳನೇ ಒಂದು ಭಾಗದಷ್ಟು. ಇದು ಸಮಭಾಗದ ಫ್ರೆಟ್‌ಗಳಿರುವ ಎಲ್ಲ ವಾದ್ಯಗಳ ಸ್ವಭಾವ. ನಿಮ್ಮ ಕಿವಿಯ ದೋಷವೂ ಅಲ್ಲ, ಕೈಯ ದೋಷವೂ ಅಲ್ಲ. ಒಂದು ಕಾರ್ಡ್‌ಗಾಗಿ ತಂತಿಯನ್ನು ತಿದ್ದಬೇಡಿ.

ಉತ್ತರ: ಎರಡನೇ ಮನೆ

ಮೇಲಿನವರೆಲ್ಲ ಸ್ವಯಂಕಲಿಕೆಯನ್ನು ಎತ್ತಿಹಿಡಿದಿದ್ದಾರೆ. ನನಗೆ ಭಾಗಶಃ ಭಿನ್ನಮತವಿದೆ. ಧ್ವನಿಮುದ್ರಣದಲ್ಲಿ ತಾಳದ ತಪ್ಪು ಕೇಳಿಸುತ್ತದೆ, ನಿಜ. ಆದರೆ ಮಣಿಕಟ್ಟು ಅತಿಯಾಗಿ ಬಾಗಿರುವುದು, ಭುಜ ಎತ್ತಿಕೊಂಡಿರುವುದು, ಬೇಕಾದ್ದಕ್ಕಿಂತ ಎರಡರಷ್ಟು ಬಲ ಹಾಕಿ ತಂತಿಯನ್ನು ಹಿಸುಕುತ್ತಿರುವುದು, ಇವು ಕೇಳಿಸುವುದಿಲ್ಲ, ಮಾಡುವವರಿಗೆ ಸಹಜವೆಂದೇ ತೋರುತ್ತವೆ. ಬೆರಳ ತುದಿಯ ಉರಿ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾದಂತೆ ಕಡಿಮೆಯಾಗುತ್ತದೆ. ಮಣಿಕಟ್ಟಿನ ನೋವು, ಮುಂಗೈಯ ಸೆಳೆತ, ಬೆರಳು ಜೋಮು ಹಿಡಿಯುವುದು ಆ ಜಾತಿಯವಲ್ಲ. ಅವು ಕಾಣಿಸಿಕೊಂಡರೆ ಅಂದಿನ ಅಭ್ಯಾಸವನ್ನು ನಿಲ್ಲಿಸಬೇಕು, ಮತ್ತೆ ಮತ್ತೆ ಬಂದರೆ ವೈದ್ಯರನ್ನು ಕಾಣಬೇಕು.

ಹಾಗಾಗಿ ಆನ್‌ಲೈನ್ ಪಾಠಗಳನ್ನೇ ಮುಂದುವರಿಸಿ, ಆದರೆ ಆಗೊಮ್ಮೆ ಈಗೊಮ್ಮೆ ಬಲ್ಲವರ ಎದುರು ಕುಳಿತು ನುಡಿಸಿ ತೋರಿಸಿ. ಕೂರುವ ಭಂಗಿ, ಎಡಗೈ ಮತ್ತು ಪಿಕ್ ಹಿಡಿತವನ್ನು ಮಾತ್ರ ನೋಡಿ ಹೇಳಿರೆಂದು ಕೇಳಿದರೆ ಒಂದು ಗಂಟೆಯಲ್ಲಿ ಬೇಕಾದಷ್ಟು ತಿಳಿಯುತ್ತದೆ. ವಿಡಿಯೊ ಕರೆಯಲ್ಲಿ ನೇರ ಪಾಠ ತೆಗೆದುಕೊಳ್ಳುವುದಾದರೆ ಅಲ್ಲಿ ಇಬ್ಬರೂ ಜೊತೆಯಾಗಿ ನುಡಿಸಲು ಸಾಧ್ಯವಿಲ್ಲವೆಂಬುದನ್ನು ಮೊದಲೇ ತಿಳಿದಿರಿ. ಧ್ವನಿ ಸುಮಾರು 25-30 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ತಾಳ ಕೂಡುವುದು ಕಷ್ಟ, ಸಾಮಾನ್ಯ ವಿಡಿಯೊ ಕರೆಗಳಲ್ಲಿ ತಡವಾಗುವುದು ಇದಕ್ಕಿಂತ ಬಹಳ ಹೆಚ್ಚು. ಒಬ್ಬರು ನುಡಿಸಿ ಇನ್ನೊಬ್ಬರು ಕೇಳುವ ಕ್ರಮದಲ್ಲೇ ಪಾಠ ನಡೆಯಬೇಕು.

ಮರುಪ್ರಶ್ನೆ: ಹೊಸಬೆರಳು

ಎಲ್ಲರಿಗೂ ಅನಂತ ಧನ್ಯವಾದಗಳು. ಕ್ಯಾಪೊ ಪರೀಕ್ಷೆ ಮಾಡಿದೆ. ಮೊದಲ ಫ್ರೆಟ್‌ಗೆ ಹಾಕಿದ ಕೂಡಲೇ ಕಾರ್ಡ್‌ಗಳು ಬೇರೊಂದು ವಾದ್ಯದಲ್ಲಿ ಹಿಡಿದಷ್ಟು ಸಲೀಸಾದವು. ತಂತಿಯ ಎತ್ತರವೂ ಹೆಚ್ಚಿತ್ತು. ಬಲ್ಲವರಿಂದ ನಟ್ ಮತ್ತು ಸ್ಯಾಡಲ್ ಸರಿಪಡಿಸಿಕೊಂಡು 11-52ರ ತಂತಿ ಹಾಕಿಸಿದ್ದೇನೆ. ಧ್ವನಿಮುದ್ರಣ ಕೇಳಿದಾಗ ತಿಳಿದ ಸಂಗತಿ ಇನ್ನೂ ಕುತೂಹಲಕರ. ಕಷ್ಟದ ಬದಲಾವಣೆಯಲ್ಲಿ ನಿಧಾನವಾಗುತ್ತೇನೆಂದು ಗೊತ್ತಿತ್ತು, ಆದರೆ ಸುಲಭವಾದ ಇ ಮೈನರ್ ಬಂದಾಗಲೆಲ್ಲ ಓಡಿಹೋಗುತ್ತೇನೆಂಬುದು ಗೊತ್ತಿರಲಿಲ್ಲ. ಎ ಮೈನರ್ ಮತ್ತು ಸಿ ಈಗ ಬಲಗೈ ನಿಲ್ಲದೆ ಬರುತ್ತಿವೆ.

ಉಳಿದಿರುವುದು ಒಂದೇ ಸಂದೇಹ. ನನಗೆ ಇಷ್ಟವಾದ ಹಾಡುಗಳಲ್ಲಿ ಹೆಚ್ಚಿನವು ಸಿ, ಎಫ್, ಜಿ, ಎ ಮೈನರ್ ಈ ನಾಲ್ಕು ಕಾರ್ಡ್‌ಗಳಲ್ಲಿವೆ. ಎಫ್ ಹಾಡಿನ ವೇಗಕ್ಕೆ ಬರುವವರೆಗೆ ಅವುಗಳನ್ನು ಮುಂದೂಡಬೇಕೇ?

ಉತ್ತರ: ಆರುತಂತಿ

ಮುಂದೂಡಬೇಕಾಗಿಲ್ಲ. ಐದನೇ ಫ್ರೆಟ್‌ಗೆ ಕ್ಯಾಪೊ ಹಾಕಿ ಅದೇ ಹಾಡನ್ನು ಜಿ, ಸಿ, ಡಿ, ಇ ಮೈನರ್ ಆಕಾರಗಳಲ್ಲಿ ನುಡಿಸಿ. ಕೇಳಿಸುವುದು ಸಿ, ಎಫ್, ಜಿ, ಎ ಮೈನರ್ ಆಗಿಯೇ, ಆದ್ದರಿಂದ ಮೂಲ ಧ್ವನಿಮುದ್ರಣದ ಜೊತೆಗೂ ನುಡಿಸಬಹುದು. ಕ್ಯಾಪೊ ಬೇಡವೆನಿಸಿದರೆ ಎಫ್ ಇರುವಲ್ಲೆಲ್ಲ ಎಫ್ ಮೇಜರ್ ಸೆವೆನ್ತ್ ಹಿಡಿದು ನೋಡಿ. ಅದರಲ್ಲಿ ನಾಲ್ಕನೇ ತಂತಿಯ ಮೂರನೇ ಫ್ರೆಟ್, ಮೂರನೇ ತಂತಿಯ ಎರಡನೇ ಫ್ರೆಟ್, ಎರಡನೇ ತಂತಿಯ ಮೊದಲ ಫ್ರೆಟ್ ಒತ್ತಿ ಮೊದಲ ತಂತಿಯನ್ನು ಖಾಲಿ ಬಿಡುತ್ತೀರಿ. ಐದು, ಆರನೇ ತಂತಿಗಳನ್ನು ಮೀಟಬಾರದು. ಎಲ್ಲ ಹಾಡಿಗೂ ಅದು ಒಪ್ಪುವುದಿಲ್ಲ, ಆದರೆ ನಿಧಾನಗತಿಯ ಹಾಡುಗಳಲ್ಲಿ ಮೂಲ ಎಫ್‌ಗಿಂತ ಚೆನ್ನಾಗಿ ಕೇಳಿಸುವುದೂ ಉಂಟು.

ಪೂರ್ತಿ ಬ್ಯಾರೆಯ ಅಭ್ಯಾಸವನ್ನು ಪಕ್ಕದಲ್ಲೇ ನಡೆಸಿ, ಆದರೆ ಮೊದಲ ಫ್ರೆಟ್‌ನಿಂದ ಶುರು ಮಾಡಬೇಡಿ. 648 ಮಿಲಿಮೀಟರ್ ತಂತಿಯ ಉದ್ದವಿರುವ ಗಿಟಾರ್‌ನಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ ಸುಮಾರು 36 ಮಿಲಿಮೀಟರ್, ಐದನೆಯದರಿಂದ ಆರನೆಯದಕ್ಕೆ ಸುಮಾರು 27 ಮಿಲಿಮೀಟರ್. ಅಲ್ಲಿ ಬೆರಳು ಚಾಚುವ ಕಷ್ಟವೂ ಕಡಿಮೆ, ಒತ್ತುವ ಬಲವೂ ಕಡಿಮೆ. ಐದನೇ ಫ್ರೆಟ್‌ನಲ್ಲಿ ಆರೂ ತಂತಿಗಳು ಸ್ಪಷ್ಟವಾಗಿ ನುಡಿದ ಮೇಲೆ ನಾಲ್ಕಕ್ಕೆ, ಅದು ಸರಿಯಾದ ಮೇಲೆ ಮೂರಕ್ಕೆ ಇಳಿಯಿರಿ. ತೋರುಬೆರಳನ್ನು ಚಪ್ಪಟೆಯಾಗಿ ಒತ್ತುವ ಬದಲು ಹೆಬ್ಬೆರಳಿನ ಕಡೆಯ ಗಟ್ಟಿ ಅಂಚಿನ ಮೇಲೆ ಸ್ವಲ್ಪ ಹೊರಳಿಸಿ, ಫ್ರೆಟ್‌ನ ಪಕ್ಕಕ್ಕೇ ತಂದಿಡಿ. ಮೂರು, ನಾಲ್ಕು, ಐದನೇ ತಂತಿಗಳನ್ನು ಹೇಗೂ ಉಳಿದ ಬೆರಳುಗಳು ಒತ್ತಿರುವುದರಿಂದ ಆ ಬೆರಳು ನಿಜವಾಗಿ ನುಡಿಸಬೇಕಾದದ್ದು ಒಂದು, ಎರಡು ಮತ್ತು ಆರನೇ ತಂತಿಗಳನ್ನು ಮಾತ್ರ.